ದೇವರ ಸಾಲು

ಹಳೆಯ ಹತ್ತಿ ಸೀರೆಯ ಅಂಚಿನಿಂದ ಗೇಣುದ್ದ ಬಟ್ಟೆ ಹರಿದು, ಅರಿಶಿನದ ನೀರಿನಲ್ಲಿ ಅದ್ದಿ, ಅಡುಗೆಮನೆಯ ಕಿಟಕಿಯ ಸರಳಿಗೆ ಒಣಹಾಕಿದರೆ ನಮ್ಮ ಮನೆಗೆ ಬೇಸಿಗೆ ಬಂತೆಂದು ಅರ್ಥ. ವಸ್ತಾರೆಯ ಹತ್ತಿರ ನಮ್ಮದು ಮೂರೆಕರೆ ಕಾಫಿ ತೋಟ. ಎಸ್ಟೇಟ್ ಎಂದು ಕರೆದರೆ ತೋಟಕ್ಕೇ ನಾಚಿಕೆಯಾದೀತು. ಕಾಫಿ ಹೂವನ್ನು ಅರಳಿಸುವ ಹೂಮಳೆ ಬೀಳುವ ಮೊದಲು, ಯಾವ ಗಿಡ ಎಷ್ಟು ಬಿಟ್ಟೀತೆಂದು ಯಾರಿಗೂ ತಿಳಿಯದೆ ಇರುವಾಗ, ಯಾವುದಾದರೊಂದು ಸಾಲಿನ ಮೊದಲ ಗಿಡಕ್ಕೆ ಆ ಬಟ್ಟೆ ಕಟ್ಟಿ ಬರಬೇಕು. ಅದು ದೇವರ ಸಾಲು. ಅದರ ಹಣ್ಣು ಮಾರಿ ಬಂದದ್ದರಲ್ಲಿ, ಕೊಯ್ಲು ಮುಗಿದ ದಿನ ಕೊಯ್ದವರಿಗೆಲ್ಲ ಊಟ. ಸಾಲು ತುಂಬಿ ಬಿಟ್ಟ ವರ್ಷ ಹೋಳಿಗೆ, ಕೈಕೊಟ್ಟ ವರ್ಷ ಬರೀ ಅನ್ನ ಸಾರು. ಅಂದು ದೇವರು ಹತ್ತಾರು ಬಾಯಿಗಳಿಂದ ಉಣ್ಣುತ್ತಾನೆಂಬುದು ನಮ್ಮತ್ತೆಯ ನಂಬಿಕೆ. ಬೆಲೆ ಏರುವವರೆಗೆ ನನ್ನ ನಂಬಿಕೆಯೂ ಅದೇ ಆಗಿತ್ತು.

ಹೋದ ವರ್ಷ ಅತ್ತೆಗೆ ಮಂಡಿನೋವು ಜೋರಾಗಿ, ಅವರು ತೋಟಕ್ಕೆ ಇಳಿಯುವುದೇ ನಿಂತು, ಬಟ್ಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಇವತ್ತು ನಾಳೆ ಎನ್ನುತ್ತ ಕೂತೆ. ಹೂಮಳೆ ನನಗಾಗಿ ಕಾಯಲಿಲ್ಲ. ತೋಟ ಬೆಳ್ಳಗೆ ಅರಳಿ, ಹೂ ಉದುರಿ, ಕಾಯಿ ಕಚ್ಚಿತು. ಅಷ್ಟರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದು, ಸಗಣಿ ಸಾರಿಸುವ ನಮ್ಮ ಕಣಕ್ಕೆ ಸಿಮೆಂಟ್ ಹಾಕಿಸಬೇಕೆಂಬ ನನ್ನ ಬಹುಕಾಲದ ಆಸೆಗೆ ರೆಕ್ಕೆ ಮೂಡಿತು. ಆಮೇಲೆ ಬಟ್ಟೆ ಹಿಡಿದು ತೋಟವನ್ನೆಲ್ಲ ಸುತ್ತಿದೆ. ಹಲಸಿನ ಮರದ ದಟ್ಟ ನೆರಳಿನಲ್ಲಿ ಬಡಕಲಾಗಿ ನಿಂತಿದ್ದ ಕಟ್ಟಕಡೆಯ ಸಾಲನ್ನು ಹುಡುಕಿ ಗಂಟು ಹಾಕಿದೆ. ದೇವರಿಗೆ ಯಾವ ಸಾಲಾದರೇನು, ಭಕ್ತಿ ಮುಖ್ಯ ಎಂದು ನನಗೆ ನಾನೇ ಹೇಳಿಕೊಂಡೆ. ನೀವೂ ಗಮನಿಸಿರಬಹುದು, ಭಕ್ತಿ ಮುಖ್ಯ ಎಂಬ ಮಾತು ನಮ್ಮ ಬಾಯಿಗೆ ಬರುವುದು ಕೊಡುವ ಕೈ ಹಿಂದೆ ಸರಿದಾಗಲೇ.

ಹಾಗೆಂದು ನಾನು ಸಂಪತ್ತನ್ನು ಹಳಿಯುವವಳಲ್ಲ. ಹೊಸ್ತಿಲಿಗೆ ರಂಗೋಲಿ ಹಾಕಿ ಲಕ್ಷ್ಮಿಯನ್ನು ಕರೆಯುವ ನಾವು, ಬಂದ ಮೇಲೆ ಅವಳನ್ನು ಮಾಯೆಯೆಂದು ಬೈಯುವುದು ಮರ್ಯಾದೆಯಲ್ಲ. ಹಿರಿಯರು ಧರ್ಮ, ಅರ್ಥ, ಕಾಮ, ಮೋಕ್ಷವೆಂದು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದರಲ್ಲವೇ? ಸಂತೆಗೆ ಹೊರಟ ಮಕ್ಕಳ ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ನಡೆಯುವಂತೆ, ಗಳಿಕೆಯನ್ನೂ ಬಯಕೆಯನ್ನೂ ಧರ್ಮ ಮೋಕ್ಷಗಳ ನಡುವೆ ಬಿಟ್ಟಿದ್ದಾರೆ. ಮಕ್ಕಳು ಸಂತೆಗೆ ಹೋಗಲೇಬಾರದೆಂದು ಅವರು ಹೇಳಿಲ್ಲ. ಸಿಮೆಂಟ್ ಕಣ ಬಯಸಿದ್ದು ನನ್ನ ತಪ್ಪಾಗಿರಲಿಲ್ಲ. ಮುಂದೆ ನಡೆಯುತ್ತಿದ್ದವರ ಕೈ ಕೊಸರಿಕೊಂಡು ಓಡಿದ್ದು ತಪ್ಪು.

ಆ ತಪ್ಪು ಕೊಯ್ಲು ಶುರುವಾಗುವ ಬೆಳಿಗ್ಗೆಯೇ ಸಿಕ್ಕಿಬಿತ್ತು. ತೋಟಕ್ಕೆ ಹೋದರೆ ಹಳದಿ ಬಟ್ಟೆ ಗೇಟಿನ ಪಕ್ಕದ ಮೊದಲ ಸಾಲಿಗೆ, ತೋಟದಲ್ಲೇ ಅತಿ ಹೆಚ್ಚು ಬಿಟ್ಟ ಸಾಲಿಗೆ, ಬಂದು ಕೂತಿದೆ! ಹೆಂಗಸರೆಲ್ಲ ಬುಟ್ಟಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಇದನ್ನ ಯಾರು ಕಟ್ಟಿದ್ದು?" ಎಂದೆ.

"ನಾನೇ ಅಮ್ಮಾ," ಎಂದರು ಗಿರಿಜಕ್ಕ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಹಣ್ಣು ಕೊಯ್ಯುತ್ತಿರುವವರು. "ಹೂಮಳೆಗೆ ಮುಂಚೆ ಕಟ್ಟಿದ್ರೆ ದೇವ್ರು ಆರ್ಸಿದ್ದು. ಕಾಯಿ ನೋಡಿ ಕಟ್ಟಿದ್ರೆ ನೀವು ಆರ್ಸಿದ್ದು."

ಮಾತು ನಿಜವಾದ್ದರಿಂದಲೇ ಮೈ ಉರಿಯಿತು. "ನೀವು ಮಾತ್ರ ಕಾಯಿ ನೋಡದೆ ಕಟ್ಟಿದ್ರಾ ಗಿರಿಜಕ್ಕ?"

ಗಿರಿಜಕ್ಕ ಒಂದು ಗಳಿಗೆ ಯೋಚಿಸಿ ಪಕ್ಕದವಳ ಕಡೆ ತಿರುಗಿದರು. "ಹೌದಲ್ಲ ಮಾರಾಯ್ತಿ, ನಂದೂ ತಪ್ಪೇ ಆಯ್ತು!"

ಎಲ್ಲರೂ ಗೊಳ್ಳೆಂದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆದರೆ ದೇವರ ಸಾಲು ಯಾವುದೆಂದು ತಿಳಿಯದೆ ಯಾರೂ ಹಣ್ಣಿಗೆ ಕೈ ಹಾಕುವಂತಿರಲಿಲ್ಲ. ಹಣ್ಣು ನೋಡದೆ ಇದ್ದವರು ನಮ್ಮಲ್ಲಿ ಒಬ್ಬರೇ. ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಅತ್ತೆ, ಒಂದರಿಂದ ನಲವತ್ತರೊಳಗೆ ಒಂದು ಸಂಖ್ಯೆ ಹೇಳಿ."

"ಯಾಕೆ, ಲಾಟ್ರಿ ತಗೊಂಡ್ಯಾ?"

"ದೇವರ ಸಾಲಿಗೆ."

"ಹೂಮಳೆಗೆ ಮುಂಚೆ ಕಟ್ಲಿಲ್ವಾ ನೀನು?"

ಕಟ್ಟಿದ್ದು ಬಿಚ್ಚಿಹೋಯಿತು ಎಂದು ಹೇಳಿಬಿಡಬಹುದಿತ್ತು. ಗಿರಿಜಕ್ಕ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಆದರೆ ಅಷ್ಟು ಜನರೆದುರು, ಆ ಎಳೆಬಿಸಿಲಿನಲ್ಲಿ, ಸುಳ್ಳು ಹೇಳಲು ಮನಸ್ಸೇ ಬರಲಿಲ್ಲ. "ಇಲ್ಲ ಅತ್ತೆ. ಕಾಯಿ ನೋಡಿ, ಬಡಕಲು ಸಾಲಿಗೆ ಕಟ್ಟಿದ್ದೆ," ಎಂದೆ.

"ಹದಿನೇಳು," ಎಂದವರೇ ಫೋನ್ ಇಟ್ಟರು.

ಗೇಟಿನಿಂದ ಎಣಿಸುತ್ತ ಹೊರಟೆವು. ಒಬ್ಬಳು ಶುರು ಮಾಡಿದ್ದನ್ನು ಎಲ್ಲರೂ ಹಿಡಿದುಕೊಂಡು ಗಟ್ಟಿಯಾಗಿ ಎಣಿಸತೊಡಗಿದರು. ಎಂಟು, ಒಂಬತ್ತು. ಹದಿನೇಳನೆಯದು ಹೇಗಿದೆಯೆಂದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಹನ್ನೆರಡು ದಾಟುವಾಗ ನನ್ನೊಳಗೆ ಒಂದು ಬಯಕೆ ಹುಟ್ಟಿತು. ಅದು ನನ್ನದೇ ಎಂದು ಮೊದಲು ನಂಬಲಾಗಲಿಲ್ಲ. ಆ ಸಾಲು ತುಂಬಿರಲಿ, ದೇವರೇ, ಚೆನ್ನಾಗಿ ತುಂಬಿರಲಿ ಎಂದು ಬೇಡುತ್ತಿದ್ದೆ. ಬೇಡುತ್ತ ಬೇಡುತ್ತ ನನ್ನ ನಡಿಗೆ ಓಟವಾಯಿತು, ಗಿರಿಜಕ್ಕ ಹಿಂದೆ ಉಳಿದರು.

ಹದಿನೇಳನೆಯ ಸಾಲಿನ ರೆಂಬೆಗಳು ಹಣ್ಣಿನ ಭಾರಕ್ಕೆ ಬಾಗಿ ನೆಲ ಮುಟ್ಟಿದ್ದವು. ಎಲ್ಲರಿಗಿಂತ ಗಟ್ಟಿಯಾಗಿ ಕೇಕೆ ಹಾಕಿದವಳು ನಾನೇ.