ಅರ್ಧಕ್ಕೆ ನಿಂತ ನೀರು

ನಮ್ಮ ಮಾವನವರ ಎಡಹುಬ್ಬು ಅರ್ಧವೇ ಇತ್ತು. ಉಳಿದರ್ಧವನ್ನು ಹಡಗಿನ ಬಾಯ್ಲರಿನ ಬೆಂಕಿ ತಿಂದಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನೇ ನೋಡುತ್ತಿದ್ದುದು ಕಂಡು, "ನೇವಿಯೋರು ಪಿಂಚಣಿ ಕೊಡ್ತಾರೆ, ಹುಬ್ಬು ವಾಪಸ್ ಕೊಡಲ್ಲ ಕಣಮ್ಮ" ಅಂದಿದ್ದರು.

ತಿಪಟೂರಿನ ಪಕ್ಕದ ನಮ್ಮ ತೋಟದ ಮನೆಯಲ್ಲಿ ಬಚ್ಚಲ ಹಂಡೆಗೆ ಬೆಂಕಿ ಹಾಕುವ ಅಧಿಕಾರ ಅವರೊಬ್ಬರದೇ. ಹಂಡೆಯೊಳಗೆ ಕೈ ಬಿಟ್ಟು ನೀರು ನೋಡದೆ ಒಂದು ತೆಂಗಿನ ಚಿಪ್ಪನ್ನೂ ಒಲೆಗೆ ಇಡುತ್ತಿರಲಿಲ್ಲ. ಹಡಗಿನ ಬಾಯ್ಲರಿಗೆ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯೊಂದು ಇರುತ್ತದಂತೆ. ನೀರು ಅದರ ಅರ್ಧಕ್ಕೆ ನಿಂತಿರಬೇಕಂತೆ, ಇಳಿದರೆ ಗಂಡಾಂತರ. ನಾನೊಮ್ಮೆ ನೋಡದೆ ಗರಿ ಹೊತ್ತಿಸಿದ್ದಕ್ಕೆ, "ಹಡಗಲ್ಲಾಗಿದ್ರೆ ಇಷ್ಟೊತ್ತಿಗೆ ಮೀನು ತಿನ್ತಿದ್ವು ನಮ್ಮನ್ನ!" ಎಂದು ಕೂಗಾಡಿದರು. ಹಂಡೆ ತುಂಬಿಯೇ ಇತ್ತು. ನಾನು ಸಂಜೆವರೆಗೂ ಮುಖ ಊದಿಸಿಕೊಂಡಿದ್ದೆ.

ಶೆಟ್ಟಿಕೆರೆಯಿಂದ ಅವರ ಸ್ನೇಹಿತರೊಬ್ಬರು ಬಸ್ಸು ಹತ್ತಿ ಬರುತ್ತಿದ್ದರು, ಅದೇ ಬಾಯ್ಲರಿನ ಮುಂದೆ ಬೆವರು ಸುರಿಸಿದವರು. ಅದರ ಸದ್ದಿಗೆ ಇಬ್ಬರ ಕಿವಿಯೂ ಮಂದವಾಗಿತ್ತು.

"ಆ ಶಾಖ ಮರ್ತೋಯ್ತೇನ್ಲಾ?" ಎನ್ನುವರು ಮಾವನವರು.

"ಬುಡ್ಲಾ, ಇಲ್ಲಿ ಬೇಸಿಗೇಲೂ ನಂಗೆ ಚಳಿ ಕಣ್ಲಾ!"

ತೋಟಕ್ಕೆಲ್ಲ ಕೇಳುವಂತೆ ಅರಚಿ, ಸುಸ್ತಾದ ಮೇಲೆ ಕೈಸನ್ನೆ. ಬಾಯ್ಲರಿನ ಗದ್ದಲದಲ್ಲಿ ಮಾತು ಕೇಳದೆ ಹಡಗಿನಲ್ಲೇ ಕಲಿತದ್ದಂತೆ. ನಮಗೆ ಒಂದೂ ತಿಳಿಯದು. "ಶುರುವಾಯ್ತು ನೋಡು ಗೊಂಬೆಯಾಟ" ಎಂದು ಅತ್ತೆ ಒಳಗೆ ಹೋಗುವರು.

ಹೋದ ವರ್ಷ ಮಾವನವರಿಗೆ ಲಕ್ವ ಹೊಡೆದು ಮಾತು ನಿಂತಿತು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಎಡಗೈಯನ್ನು ಕಣ್ಣಿನ ಮಟ್ಟಕ್ಕೆತ್ತಿ, ಅಂಗೈ ಅಡ್ಡ ಹಿಡಿದು ಮೇಲೆ ಕೆಳಗೆ ಆಡಿಸುವರು. ಅತ್ತೆ ನೀರು ಕುಡಿಸಿದರು, ದಿಂಬು ಸರಿಸಿದರು, ಫ್ಯಾನು ಆರಿಸಿದರು. ಊಹುಂ, ಮತ್ತೆ ಅದೇ ಕೈ. "ಇಷ್ಟು ವರ್ಷ ಬಾಳ್ವೆ ಮಾಡಿ ಇದೊಂದು ತಿಳೀತಿಲ್ವಲ್ಲೇ ನಂಗೆ" ಎಂದು ಅತ್ತೆ ಅತ್ತೇಬಿಟ್ಟರು. ನಾನು ಶೆಟ್ಟಿಕೆರೆಗೆ ಫೋನು ಮಾಡಿದೆ.

ಸ್ನೇಹಿತರು ಬಂದವರೇ ಆ ಕೈ ನೋಡಿದರು. ತಮ್ಮದೊಂದು ಬೆರಳನ್ನು ನೆಟ್ಟಗೆ ಹಿಡಿದು, ಅದರ ನಡುವಿಗೆ ಇನ್ನೊಂದು ಬೆರಳನ್ನು ಅಡ್ಡ ಇಟ್ಟರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಮಾವನವರ ಕೈ ಹಾಸಿಗೆಗೆ ಇಳಿಯಿತು.

"ಏನಂತೆ?" ಅಂದರು ಅತ್ತೆ.

"ಬಾಯ್ಲರ್ನಾಗೆ ನೀರೆಷ್ಟೈತೆ ಅಂತ ಕೇಳ್ತಾವ್ನೆ ಕಣಮ್ಮ. ಬದ್ಲಿಗೆ ಬಂದೋನು ನೀರು ನೋಡಿ ಹೇಳ್ದೆ ಡ್ಯೂಟಿ ಬಿಡೋನು ಏಳಂಗಿಲ್ಲ. ಅರ್ಧಕ್ಕೈತೆ, ಇನ್ನು ನಾನು ನೋಡ್ಕೋತೀನಿ ಅಂದೆ."

ಅತ್ತೆ ಕಣ್ಣೊರೆಸಿಕೊಂಡು ಹಾಸಿಗೆಯ ಹತ್ತಿರ ಹೋದರು. ತಾವೂ ಒಂದು ಬೆರಳೆತ್ತಿ, ನಡುವಿಗೆ ಇನ್ನೊಂದನ್ನಿಟ್ಟು ತೋರಿಸಿದರು. ಆ ಅರ್ಧ ಹುಬ್ಬು ಒಮ್ಮೆ ಮೇಲೇರಿ ಇಳಿಯಿತು.

ಸಂಜೆಗೆ ಮಾವನವರು ತೀರಿಕೊಂಡರು.