ಎಡಗಡೆಯ ಸೀಟು

ಚಿಂಚೋಳಿಯ ಅಂಬಾರಾಯ ಕುಂಚಾವರಂ ಕಾಡಿನಲ್ಲಿ ಮೂವತ್ತು ವರ್ಷ ಅರಣ್ಯ ಇಲಾಖೆಯ ಸಾಹೇಬರ ಜೀಪು ಓಡಿಸಿದವನು. ನಿವೃತ್ತಿಯಾದ ಮೇಲೆ ಅದೇ ಜೀಪನ್ನು ಹರಾಜಿನಲ್ಲಿ ಹಿಡಿದು ತಂದು, ಮನೆಯ ತಗಡಿನ ಶೆಡ್ಡಿನೊಳಗೆ ಎರಡು ವರ್ಷ ಬಿಚ್ಚಿ ಜೋಡಿಸಿದ, ಜೋಡಿಸಿ ಬಿಚ್ಚಿದ. ತವರೂರು ಐನಾಪುರಕ್ಕೆ ಹೋಗಿಬರೋಣವೆಂದು ಹೆಂಡತಿ ಲಾಲಮ್ಮ ಕೇಳಿದಾಗಲೆಲ್ಲ, "ಗೇರ್‌ಬಾಕ್ಸ್ ಬಿಚ್ಚೀನಿ, ಹ್ಯಾಂಗ ಬರ್ಲಿ?" ಎನ್ನುತ್ತಿದ್ದ.

ಕೊನೆಗೊಂದು ದಿನ ಇಂಜಿನ್ ಗುಡುಗಿತು. ಅಂಬಾರಾಯ ಹೆಗಲ ಟವೆಲ್ಲಿನಿಂದ ಎಡಗಡೆಯ ಸೀಟು ಒರೆಸಿ, ಪಕ್ಕದಲ್ಲಿ ಕೈಕಟ್ಟಿ ನಿಂತುಬಿಟ್ಟ. ತಾನು ಸಾಹೇಬರಿಗಾಗಿ ಕಾಯುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಲಾಲಮ್ಮನಿಗೆ ತಿಳಿಯಿತು. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು, ಹತ್ತಿ ಕುಳಿತಳು.

"ಸಾಹೇಬ್ರು ಐನಾಪುರಕ್ಕ ಹೊಂಟಾರ. ನಡೀರಿ."

ಎರಡು ವರ್ಷ ನೆಪ ಹೇಳಿದ ಬಾಯಿಂದ, ಅವನು ತಡೆಯುವ ಮೊದಲೇ, "ಹೂಂರಿ ಸಾಹೇಬ್ರ" ಎಂದು ಬಂದುಬಿಟ್ಟಿತು.