ಕೈಯ ಹಿಂಬದಿಯಲ್ಲಿ ಬಿಸಿ ನೋಡುತ್ತಿದ್ದವರು

ತಪ್ಪು ನನ್ನದೇ. ಹಿರಿಯೂರಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಕಂಪೌಂಡರು ಕುಂಟುವುದನ್ನು ಸಂತೆಯಲ್ಲಿ ಅಣಕಿಸಿ, ತೋಳನಂತೆ ಕೂಗಿ ತೋರಿಸಿ ಜನರನ್ನು ನಗಿಸುತ್ತಿದ್ದವನು ನಾನು. ಹಾಗಾಗಿ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿ ಮುರಿದು, ಪಾದ ಊದಿ, ನಿಜವಾಗಿಯೇ ಕುಂಟುತ್ತ ಅವರ ಮುಂದೆ ಹೋದಾಗ, ಇದೂ ಅಣಕವೇ ಎಂದುಕೊಂಡು ಜಗಲಿಯಲ್ಲಿ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಲನ್ನೇ ಕತ್ತರಿಸಿಬಿಡುತ್ತಾರೆಂದು ನನಗೆ ಒಳಗೊಳಗೇ ಭಯ.

ಕಂಪೌಂಡರು ನಗಲಿಲ್ಲ. ಯಾರೇ ಬರಲಿ, ಮುಖ ನೋಡುವ ಮೊದಲು ಕೈಯ ಹಿಂಬದಿಯನ್ನು ಗಾಯದ ಮೇಲಿಟ್ಟು ಬಿಸಿ ನೋಡುತ್ತಿದ್ದರು. "ಒಳಗಿನೋರು ಎದ್ದವ್ರೆ" ಎಂದರು. ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು. ಮುಳ್ಳಿನ ಜೊತೆ ಕಣ್ಣಿಗೆ ಕಾಣದ ಹುಳ ಹೊಕ್ಕರೆ ರಕ್ತದ ಬಿಳಿ ಕಣಗಳು ಓಡಿಬಂದು ಅವನ್ನು ನುಂಗುತ್ತವೆ, ಈ ಬಿಸಿ, ಊತ, ಕೀವು ಎಲ್ಲ ಆ ಜಗಳದ್ದೇ ಎನ್ನುತ್ತ ಮುಳ್ಳು ಕಿತ್ತು, ಕೀವು ಹರಿಯಬಿಟ್ಟರು. "ಕಾಲು ಉಳೀತೈತೆ ಬಿಡು."

ಹೋದ ಜೀವ ಬಂದೊಡನೆ ನನ್ನ ನಾಲಿಗೆಯೂ ಬಂತು. "ಸ್ವಾಮಿ, ಹುಳ ಬಂದೈತೆ ಅಂತ ಆ ಬಿಳಿ ಕಣಗಳಿಗೆ ಯಾರು ಹೇಳಿದ್ರು?" ಎಂದೆ, ಅವರದೇ ದನಿಯಲ್ಲಿ.

ಪಟ್ಟಿ ಬಿಗಿಯುತ್ತ ಅವರೆಂದರು: "ಕುರಿಹಟ್ಟಿಗೆ ತೋಳ ಬಂದ್ರೆ ನಾಯಿಗೆ ಯಾರಪ್ಪ ಕಾಗದ ಬರೀತಾರೆ? ವಾಸನೆಗೇ ಗೊತ್ತಾಗ್ತೈತೆ. ಬಂದಿರೋದು ತೋಳನೋ, ತೋಳನಂಗೆ ಕೂಗೋ ನೀನೋ ಅಂತಾನೂ."